ಐದು–ಒಂದು ಲೀಡ್‌ನಲ್ಲಿದ್ದೆ, ಅಪ್ಪನಿಗೆ ಫೋನ್ ಮಾಡಿದೆ

ಈ ಎಪಿಸೋಡ್ ಮಾಡ್ಬೇಕಾ ಬೇಡ್ವಾ ಅಂತ ಮೂರು ವಾರ ಎಳೆದಾಡಿದೆ. ಯಾಕಂದ್ರೆ ಇದರಲ್ಲಿ ಸೋತಿರೋದು ನಾನೇ, ಅದೂ ಸೋಲೋಕೆ ಯಾವ ಕಾರಣಾನೂ ಇಲ್ಲದಿದ್ದಾಗ.

ಹಳೇ ಕೇಳುಗರಿಗೆ ಗೊತ್ತು, ನಂದು ಕಡೂರು ತಾಲೂಕು ಚೌಳಹಿರಿಯೂರು. ನಮ್ಮೂರಲ್ಲಿ ಪೂಲ್ ಟೇಬಲ್ ಇಲ್ಲ. ನಾನು ಕೈ ಕಲಿತಿದ್ದು ಕೇರಂನಲ್ಲಿ, ಜಗಲಿ ಮೇಲೆ, ಬೋರಿಕ್ ಪೌಡರ್ ಹಾಕಿ. ಬಿ.ಕಾಂ ಮುಗಿಸಿ ಬೆಂಗಳೂರಿಗೆ ಬಂದು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ ಹಾಕೋಕೆ ಶುರು ಮಾಡಿದ ಮೇಲೆ, ರೂಮ್ ಹತ್ತಿರದ ಪಾರ್ಲರ್‌ನಲ್ಲಿ ಪೂಲ್ ಹಿಡಿಸ್ತು. ಕೇರಂ ಆಡಿದೋರಿಗೆ ಕೋನದ ಲೆಕ್ಕ ಬೇಗ ಹತ್ತುತ್ತೆ. ಬಿಳಿ ಬಾಲು ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದು ಮಾತ್ರ ವರ್ಷಗಟ್ಟಲೆ ಹತ್ತಲ್ಲ.

ಆ ಪಾರ್ಲರ್‌ನಲ್ಲಿ ಮಾರ್ಚ್ ತಿಂಗಳು ಒಂದು ಸಣ್ಣ ಟೂರ್ನಮೆಂಟ್ ಇಟ್ಟಿದ್ರು. ಎಂಟ್ರಿ 500 ರೂಪಾಯಿ, ಗೆದ್ದೋರಿಗೆ 15 ಸಾವಿರ, ಎರಡನೆಯವರಿಗೆ 5 ಸಾವಿರ. ಏಯ್ಟ್ ಬಾಲ್ ಆಟ, ಫೈನಲ್‌ನಲ್ಲಿ ಮೊದಲು ಏಳು ಫ್ರೇಮ್ ಗೆದ್ದೋರು ವಿನ್ನರ್. ಫ್ರೇಮ್ ಗೆದ್ದೋರೇ ಮುಂದಿನ ಬ್ರೇಕ್ ಹೊಡೀಬೇಕು. ಈ ಕೊನೆ ರೂಲ್ ನೆನಪಿಟ್ಕೊಳ್ಳಿ.

ಅದೇ ವಾರ ಊರಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟು ಹೋಗಿತ್ತು. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಎರಡು ವರ್ಷದ ಅಡಿಕೆ ಸಸಿ ನೀರಿಲ್ಲದೆ ಎಷ್ಟು ದಿನ ತಡೀತದೆ? ಮೋಟಾರ್ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋಕೆ 14 ಸಾವಿರ ಆಗುತ್ತೆ ಅಂದ್ರು ಅಪ್ಪ. ಕೇಳಿದ್ದೂ ನೇರವಾಗಲ್ಲ. ‘ನಿನ್ ಕೈಲಿ ಇದ್ರೆ ನೋಡಪ್ಪ, ಇಲ್ದಿದ್ರೆ ಇಲ್ಲೇ ಯಾರತ್ರನಾದ್ರೂ ನೋಡ್ತೀನಿ’ ಅಂತ.

ಫೈನಲ್‌ಗೆ ಬಂದೆ. ಎದುರಿಗೆ ನಲವತ್ತು ದಾಟಿದ ಒಬ್ಬರು ಅಣ್ಣ, ಮಾತು ಕಮ್ಮಿ, ಎರಡು ಫ್ರೇಮ್‌ಗೊಂದು ಟೀ. ಮೊದಲ ಫ್ರೇಮ್ ಅವರದು. ಆಮೇಲೆ ನಂದೇ ಆಟ. ಐದು ಫ್ರೇಮ್ ಸಾಲಾಗಿ. ಯೋಚನೆ ಮಾಡ್ತಿದೀನಿ ಅನ್ನೋದೇ ಗೊತ್ತಾಗ್ತಿರಲಿಲ್ಲ. ಚಾಕ್ ಹಾಕು, ಬಗ್ಗು, ಹೊಡಿ, ಏಳು. 5–1.

ಆಗ ಐದು ನಿಮಿಷ ಬ್ರೇಕ್ ಕೊಟ್ರು. ನಾನು ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ‘ಮೋಟಾರ್ ಎತ್ತಿಸಿಬಿಡಿ, ಸೋಮವಾರ ದುಡ್ಡು ಹಾಕ್ತೀನಿ’ ಅಂದೆ. ‘ಎಲ್ಲಿಂದ ಬಂತು?’ ಅಂದ್ರು. ‘ಬಂದಿದೆ ಬಿಡಿ’ ಅಂದೆ.

ಬಂದಿರಲಿಲ್ಲ. ಇನ್ನೂ ಎರಡು ಫ್ರೇಮ್ ಬಾಕಿ ಇತ್ತು.

ನಮ್ಮಜ್ಜಿ ಒಂದು ಶಿಸ್ತು ಇಟ್ಕೊಂಡಿದ್ದರು. ರಾಗಿ ಕಣದಲ್ಲಿರೋವಾಗ ಎಷ್ಟು ಚೀಲ ಆಗಬಹುದು ಅಂತ ಯಾರಾದ್ರೂ ಬಾಯಿ ಬಿಟ್ರೆ ಬೈಯೋರು. ತೂರಿ, ತುಂಬಿ, ಬಾಯಿ ಹೊಲಿದ ಮೇಲೆ ಎಣಿಸಬೇಕು. ಚಿಕ್ಕವನಿದ್ದಾಗ ಅದು ಮೂಢನಂಬಿಕೆ ಅಂದ್ಕೊಂಡಿದ್ದೆ. ಮೋಡ ಮುಚ್ಚಿಕೊಂಡಾಗ ಕಣದಲ್ಲಿ ನಿಂತು ಲೆಕ್ಕ ಹಾಕೋನು ಟಾರ್ಪಾಲ್ ಹೊದೆಸೋದು ಮರೀತಾನೆ, ಅಷ್ಟೇ ವಿಷಯ.

ವಾಪಸ್ ಬಂದ ಮೇಲೆ ನಾನು ಗೆಲ್ಲೋಕೆ ಆಡ್ತಿರಲಿಲ್ಲ, 14 ಸಾವಿರ ಕಾಯ್ಕೊಳ್ಳೋಕೆ ಆಡ್ತಿದ್ದೆ. ಮೊದಲು ಕಣ್ಣು ಮುಚ್ಚಿ ಹೊಡೀತಿದ್ದ ಉದ್ದದ ಪಾಟ್ ಬಿಟ್ಟು, ಮೂಲೆಯಲ್ಲಿ ಬಿಳಿ ಬಾಲು ಬಚ್ಚಿಡೋಕೆ ಹೋದೆ. ಸೇಫ್ಟಿ ಆಡೋದು ತಪ್ಪಲ್ಲ, ದೊಡ್ಡ ಆಟಗಾರರೂ ಆಡ್ತಾರೆ. ಆದ್ರೆ ನಾನು ಆಡಿದ್ದು ಭಯಕ್ಕೆ. ಎರಡು ಸಲ ನನ್ನ ಬಾಲಿಗೆ ತಾಗದೆ ಫೌಲ್ ಆಯ್ತು. ಫೌಲ್ ಆದ್ರೆ ಎದುರಿನವರು ಬಿಳಿ ಬಾಲನ್ನ ಕೈಯಲ್ಲಿ ಎತ್ತಿ ಬೇಕಾದ ಕಡೆ ಇಟ್ಟು ಹೊಡೀಬಹುದು. 5–2. 5–3.

ಇಲ್ಲಿ ಆ ರೂಲ್ ಬರುತ್ತೆ. ಗೆದ್ದೋರದೇ ಬ್ರೇಕ್, ಅಂದ್ರೆ ಅವರು ಗೆಲ್ತಾ ಹೋದಂಗೆ ನಾನು ಕುರ್ಚಿ ಮೇಲೆ. ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಕೈಕೊಟ್ರೆ ಬೌಲಿಂಗ್ ಇದೆ, ಫೀಲ್ಡಿಂಗ್‌ನಲ್ಲಿ ಓಡಾಡಿ ಬಿಸಿಯಾಗಬಹುದು. ಕ್ಯೂ ಆಟದಲ್ಲಿ ಎದುರಿನವರು ಟೇಬಲ್ ಮೇಲಿದ್ದಾಗ ನಿಮಗೆ ಮಾಡೋಕೆ ಕೆಲಸಾನೇ ಇಲ್ಲ. ಬಿಲಿಯರ್ಡ್ಸ್‌ನಲ್ಲಂತೂ ಒಬ್ಬರು ಸ್ಕೋರ್ ಮಾಡ್ತಾ ಇರೋವರೆಗೂ ಇನ್ನೊಬ್ಬರು ನೀರು ಕುಡೀತಾ ಕೂತಿರಬೇಕು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಈ ಆಟದಲ್ಲೇ ಬೆಳೆದವರು. ಅರವಿಂದ್ ಸವೂರ್ ಹತ್ತಿರ ಕಲಿತು, 2003ರಲ್ಲಿ 18ನೇ ವಯಸ್ಸಿಗೆ ವಿಶ್ವ ಸ್ನೂಕರ್ ಗೆದ್ದರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಪಾಯಿಂಟ್ ಮಾದರಿ, ಟೈಮ್ ಮಾದರಿ ಎರಡೂ ವಿಶ್ವ ಚಾಂಪಿಯನ್‌ಶಿಪ್ ಒಟ್ಟಿಗೆ. ಅವರೂ ಬಿ.ಕಾಂ, ಇಷ್ಟು ಮಾತ್ರ ನಮ್ಮಿಬ್ಬರಿಗೂ ಕಾಮನ್. ಅವರ ವಿಡಿಯೋ ನೋಡುವಾಗ ಎಲ್ಲರೂ ಶಾಟ್ ನೋಡ್ತಾರೆ. ನಾನೀಗ ಅವರು ಕುರ್ಚಿಯಲ್ಲಿ ಹೇಗೆ ಕೂರ್ತಾರೆ ಅಂತ ನೋಡ್ತೀನಿ.

ನಾನು ಹೇಗೆ ಕೂತಿದ್ದೆ? ಫೋನ್ ನೋಡ್ತಾ. ಅಪ್ಪ ಮೆಸೇಜ್ ಹಾಕಿದ್ದರು, ‘ಮೋಟಾರ್‌ನೋರಿಗೆ ಹೇಳ್ದೆ.’

5–4. 5–5.

ಹೆಂಗೋ ಒಂದು ಫ್ರೇಮ್ ಗೆದ್ದು 6–5 ಮಾಡಿದೆ. ಮುಂದಿನದ್ರಲ್ಲಿ ಕಪ್ಪು ಬಾಲು ಪಾಕೆಟ್ ಬಾಯಲ್ಲೇ ಇತ್ತು, ಬಿಳಿ ಬಾಲು ಒಂದೂವರೆ ಅಡಿ ದೂರ. ಹೊಡೆದೆ, ಕ್ಯೂ ತುದಿ ಜಾರಿ ಟಕ್ ಅಂತು, ಬಿಳಿ ಬಾಲು ಅಡ್ಡ ಹೋಯ್ತು. 6–6. ಕೊನೆ ಫ್ರೇಮ್‌ನಲ್ಲಿ ನನಗೆ ಒಂದೇ ಒಂದು ಶಾಟ್ ಸಿಕ್ಕಿದ್ದು. 6–7.

ಈಗ ಕಾಮರ್ಸ್ ಓದಿದ್ದಕ್ಕೆ ಸ್ವಲ್ಪ ಲೆಕ್ಕ. ಇಬ್ಬರೂ ಸರಿಸಮ, ಪ್ರತಿ ಫ್ರೇಮೂ ನಾಣ್ಯ ಚಿಮ್ಮಿದಂಗೆ ಅಂದ್ಕೊಳ್ಳಿ. 5–1ರಿಂದ ಏಳರ ಆಟ ಸೋಲೋ ಸಾಧ್ಯತೆ 16ಕ್ಕೆ 1. ಅಂದ್ರೆ ಯಾರೂ ಗಮನ ಕಳ್ಕೊಳ್ಳದಿದ್ರೂ, ಇಂಥ 16 ಮ್ಯಾಚ್‌ಗೆ ಒಂದು ಹೀಗೇ ಆಗುತ್ತೆ. ‘ಮೊಮೆಂಟಮ್’ ಅನ್ನೋದು ಇದೆಯಾ ಇಲ್ವಾ ಅಂತ ದೊಡ್ಡ ಜಗಳಾನೇ ಇದೆ. 1985ರಲ್ಲಿ ಗಿಲೋವಿಚ್, ವಲೋನ್, ಟ್ವೆರ್ಸ್ಕಿ ಅನ್ನೋ ಮೂವರು ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ಹಿಡಿದು, ಸಾಲಾಗಿ ಬುಟ್ಟಿಗೆ ಬಿದ್ದ ಮಾತ್ರಕ್ಕೆ ‘ಕೈ ಬಿಸಿಯಾಗಿದೆ’ ಅನ್ನೋದು ಭ್ರಮೆ ಅಂದ್ರು. 2018ರಲ್ಲಿ ಮಿಲ್ಲರ್, ಸಾಂಹುರ್ಹೊ ಅನ್ನೋ ಇಬ್ಬರು ಆ ಲೆಕ್ಕದಲ್ಲೇ ಒಂದು ಸೂಕ್ಷ್ಮ ತಪ್ಪಿದೆ, ಭ್ರಮೆ ಅಂತ ತಳ್ಳಿಹಾಕೋ ಹಾಗಿಲ್ಲ ಅಂತ ತೋರಿಸಿದ್ರು.

ತಮಾಷೆ ಅಂದ್ರೆ ಅದೇ 1985ರ ಏಪ್ರಿಲ್‌ನಲ್ಲಿ ಶೆಫೀಲ್ಡ್‌ನ ವಿಶ್ವ ಸ್ನೂಕರ್ ಫೈನಲ್. ಸ್ಟೀವ್ ಡೇವಿಸ್ 8–0 ಮುಂದೆ. ಎದುರಿಗಿದ್ದ ಡೆನಿಸ್ ಟೇಲರ್ 17–17ರವರೆಗೆ ಎಳೆದು, ಕೊನೆ ಫ್ರೇಮ್‌ನ ಕೊನೆ ಕಪ್ಪು ಬಾಲಲ್ಲಿ ಗೆದ್ದರು. ಇಡೀ ಮ್ಯಾಚ್‌ನಲ್ಲಿ ಟೇಲರ್ ಮುಂದೆ ಬಂದಿದ್ದು ಆ ಒಂದೇ ಬಾಲಿಗೆ. ಅಷ್ಟು ದೂರ ಯಾಕೆ, 2010ರ ಜನವರಿ, ಮೈಸೂರಿನ ಗಂಗೋತ್ರಿ ಮೈದಾನ, ರಣಜಿ ಫೈನಲ್. ಆಗ ನಾನು ಪ್ರೈಮರಿ ಸ್ಕೂಲು. ಮುಂಬೈ ವಿರುದ್ಧ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ ಜೊತೆ ನಾಲ್ಕನೇ ವಿಕೆಟ್‌ಗೆ 209 ರನ್. ಕಪ್ ಮನೆಗೆ ಬಂದಂಗೇ ಇತ್ತು. 331ಕ್ಕೆ ಆಲೌಟ್, ಆರು ರನ್ ಸೋಲು.

ಆದ್ರೂ ನನ್ನ ಸೋಲನ್ನ 16ಕ್ಕೆ 1 ಅನ್ನೋ ಖಾತೆಗೆ ಹಾಕಿ ಪುಸ್ತಕ ಮುಚ್ಚೋಕೆ ಮನಸ್ಸು ಒಪ್ಪಲಿಲ್ಲ. ಯಾಕಂದ್ರೆ ಮ್ಯಾಚ್ ಮುಗಿದ ಮೇಲೆ ಆ ಅಣ್ಣ ಕೈಕುಲುಕಿ, ಟೀ ಕೊಡಿಸಿ ಕೇಳಿದ್ರು, ‘ಬ್ರೇಕ್ ಆದ್ಮೇಲೆ ಚಾಕ್ ಹಾಕೋದು ಯಾಕಪ್ಪ ಬಿಟ್ಟೆ?’

ನಾನು ಇಲ್ಲ ಅಂದೆ. ಫ್ರೆಂಡ್ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದ, ರಾತ್ರಿ ರೂಮಲ್ಲಿ ಕೂತು ನೋಡಿದೆ. 5–1ರವರೆಗೆ ಪ್ರತಿ ಶಾಟ್‌ಗೂ ಮುಂಚೆ ಚಾಕ್. ಆಮೇಲಿನ ಏಳು ಫ್ರೇಮ್‌ನಲ್ಲಿ ಎಣಿಸಿ ನಾಲ್ಕು ಸಲ. ಜಾರಿದ ಆ ಕಪ್ಪು ಬಾಲಿಗೆ ಹಾಕೇ ಇರಲಿಲ್ಲ. ನೀಲಿ ಚಾಕ್ ಟೇಬಲ್ ಅಂಚಲ್ಲಿ, ನನ್ನ ಮೊಣಕೈ ಪಕ್ಕದಲ್ಲೇ ಕೂತಿತ್ತು.

ಸೋಮವಾರ ಅಪ್ಪನಿಗೆ ಸೆಕೆಂಡ್ ಪ್ರೈಜ್‌ನ 5 ಸಾವಿರ ಹಾಕಿ, ಎಲ್ಲಾ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಆಟ ಆಡ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲ’ ಅಂದ್ರು. ಉಳಿದ 9 ಸಾವಿರ ಮೋಟಾರ್‌ನೋರು ಸಾಲ ಬಿಟ್ರು, ಏಪ್ರಿಲ್, ಮೇ ಸಂಬಳದಲ್ಲಿ ತೀರಿಸಿದೆ. ಅಷ್ಟರಲ್ಲಿ ಒಣಗಿದ ಸಸಿ ಹನ್ನೊಂದು.

ಮುಂದಿನ ಭಾನುವಾರ ಮತ್ತೆ ಟೂರ್ನಮೆಂಟ್ ಇದೆ, ಹೆಸರು ಕೊಟ್ಟಿದೀನಿ. ಮೊನ್ನೆ ಅಪ್ಪ ಫೋನ್ ಮಾಡಿದಾಗ ಕೇಳಿದ್ರು, ಆ ಆಟದಲ್ಲೂ ಕೇರಂ ಥರ ರೆಡ್ ಹಾಕಿದ್ರೆ ಫಾಲೋ ಹಾಕ್ಬೇಕಾ ಅಂತ. ಇಲ್ಲ ಅಪ್ಪ, ಕಪ್ಪು ಬಾಲು ಕೊನೆಗೆ ಹಾಕ್ಬೇಕು ಅಂದೆ. ‘ಸರಿ, ಮುಗಿದ ಮೇಲೆ ಫೋನ್ ಮಾಡು’ ಅಂದ್ರು.

ಹೇಗಾಯ್ತು ಅಂತ ಮುಂದಿನ ಎಪಿಸೋಡ್‌ನಲ್ಲಿ ಹೇಳ್ತೀನಿ.