ಸಣ್ಣ ಜ್ವರ ಅಂತ ಸುಮ್ಮನಿರಬಹುದಾ?



ಉಳಿತಾಯ, ಸಾಲದ ಕಂತು, ನಡಾವಳಿ ಎಲ್ಲ ಮುಗಿಯಿತು. ಇನ್ನು ಸ್ವಲ್ಪ ಹೊತ್ತು ಜ್ವರದ ವಿಷಯ ಮಾತಾಡೋಣ. ಜೋರು ಜ್ವರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೈ ಸುಡುವಾಗ ಮನೆಯವರೇ ಹೆದರಿ ರಿಕ್ಷಾ ಕರೀತಾರೆ. ನಮಗೆ ಚಿಂತೆ ಇರುವುದು ಸಣ್ಣ ಜ್ವರದ್ದು. ಮೈ ಬೆಚ್ಚಗಾಗ್ತದೆ, ಕೈಕಾಲು ಸೋಲ್ತದೆ, ಆದರೂ ಅಡುಗೆ ಆಗ್ತದೆ, ಬೀಡಿ ಕಟ್ಟುವುದೂ ಆಗ್ತದೆ. ಹಾಗಾಗಿ ಅದನ್ನು ಮನೆಯಲ್ಲಿ ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಹೆಂಗಸರಂತೂ ಹಿಡಿಯುವುದೇ ಇಲ್ಲ.

ಹಣೆ ಮುಟ್ಟಿ ನೋಡುವುದನ್ನು ನಂಬಬೇಡಿ. ತಣ್ಣೀರಲ್ಲಿ ಪಾತ್ರೆ ತೊಳೆದ ಕೈಗೆ ಎಲ್ಲರ ಹಣೆಯೂ ಬಿಸಿಯೇ. ಸಂಘದ ದುಡ್ಡಿನಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ತಂದಿಟ್ಟುಕೊಂಡರೆ ಇಡೀ ಗುಂಪಿಗೆ ಆಗ್ತದೆ. ಸಾಮಾನ್ಯವಾಗಿ ಮೈಯ ಕಾವು 98.6 ಡಿಗ್ರಿ ಆಸುಪಾಸು ಇರುತ್ತದೆ. 100.4 ಮುಟ್ಟಿದರೆ ಸ್ಪಷ್ಟವಾಗಿ ಜ್ವರ. 99ರ ಮೇಲೆ, 100.4ರ ಒಳಗೆ ನಿಂತರೆ ಅದೇ ಸಣ್ಣ ಜ್ವರ. ಕಂಕುಳಲ್ಲಿ ಇಟ್ಟು ನೋಡಿದರೆ ಸ್ವಲ್ಪ ಕಡಿಮೆ ತೋರಿಸ್ತದೆ. ಬಿಸಿಲಲ್ಲಿ ದುಡಿದು ಬಂದಾಗ, ಸಂಜೆ ಹೊತ್ತು, ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕಾವು ಸ್ವಲ್ಪ ಏರುವುದುಂಟು. ಆದ್ದರಿಂದ ಒಂದು ಸಲದ ಅಂಕೆ ನೋಡಿ ಗಾಬರಿ ಬೇಡ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ತಾರೀಕು ಹಾಕಿ ಬರೆದಿಡಿ. ಲೆಕ್ಕ ಬರೆಯುವುದು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಶೀತ, ಗಂಟಲು ನೋವಿನ ಜೊತೆ ಬಂದ ಜ್ವರ ಹೆಚ್ಚಾಗಿ ಎರಡು ಮೂರು ದಿನದಲ್ಲಿ ಇಳೀತದೆ. ಗಂಜಿ, ನೀರು, ವಿಶ್ರಾಂತಿ ಸಾಕು. ಮೈಕೈ ನೋವು ಇದ್ದರೆ ಪ್ಯಾರಾಸಿಟಮಾಲ್. ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ನೀವೇ ಕೇಳಿ ತರಬೇಡಿ, ವೈದ್ಯರ ಹತ್ತಿರ ಇಂಜೆಕ್ಷನ್ ಕೊಡಿ ಅಂತ ಹಟ ಮಾಡಲೂಬೇಡಿ. ಮಳೆಗಾಲದಲ್ಲಿ ಮೂರು ದಿನ ದಾಟಿದರೆ ರಕ್ತಪರೀಕ್ಷೆ ಆಗಲೇಬೇಕು. ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಕಾಲಲ್ಲಿ ಗಾಯ ಇಟ್ಟುಕೊಂಡು ಗದ್ದೆಗೆ ಇಳಿದವರಿಗೆ ಇಲಿಜ್ವರ ಇರಬಹುದು. ಡೆಂಗಿ ಸಂಶಯ ಇರುವಾಗ ಬ್ರುಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಆದೀತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡ ಮಾಡಬಾರದು.

ಕೆಲವರು ದಿನ ಎಣಿಸುತ್ತಾ ಕೂರಲೇಬಾರದು. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಅದೇ ದಿನ ಆಸ್ಪತ್ರೆ. ಬಾಣಂತಿಗೆ ಜ್ವರ ಬಂದರೆ ‘ಹಾಲು ಕಟ್ಟಿದೆ, ನಂಜು ಏರಿದೆ’ ಅಂತ ಕಷಾಯ ಕುಡಿಸಿ ಕೂರುವುದು ಇನ್ನೂ ನಡೀತಾ ಇದೆ. ಗರ್ಭಕೋಶದ ಸೋಂಕು ತಾಯಿಯ ಜೀವವನ್ನೇ ತೆಗೆಯಬಲ್ಲದು. ಗರ್ಭಿಣಿ, ಸಕ್ಕರೆ ಕಾಯಿಲೆಯವರು ಕೂಡ ಬೇಗ ತೋರಿಸಬೇಕು. ಉಸಿರು ಕಟ್ಟುವುದು, ಫಿಟ್ಸ್, ಮಾತು ತಪ್ಪುವುದು, ಕುತ್ತಿಗೆ ಬಗ್ಗದಿರುವುದು ಕಂಡರೆ 108ಕ್ಕೆ ಫೋನ್ ಮಾಡಿ.

ಈಗ ನಾವು ಮುಖ್ಯವಾಗಿ ಹೇಳಬೇಕಾದ್ದಕ್ಕೆ ಬರ್ತೇವೆ. ಒಬ್ಬ ಸದಸ್ಯೆ ಐದು ವಾರ ದಿನಾ ಸಂಜೆ ಬೆಚ್ಚಗಾಗುವ ಮೈಯನ್ನು ಮಾತ್ರೆ ನುಂಗಿ ತಣಿಸಿಕೊಂಡು ಬೀಡಿ ಕಟ್ಟುತ್ತಿದ್ದರು. ಕೆಮ್ಮಿಗೆ ಹೊಗೆಸೊಪ್ಪಿನ ಧೂಳು ಕಾರಣ, ಸುಸ್ತಿಗೆ ವಯಸ್ಸು ಕಾರಣ ಅಂತ ಅವರೇ ತೀರ್ಮಾನ ಮಾಡಿದ್ದರು. ರವಿಕೆ ಸಡಿಲವಾದದ್ದನ್ನು ಗುಂಪಿನವರು ಗಮನಿಸಿ, ಗದರಿಸಿ ಕರೆದುಕೊಂಡು ಹೋದರು. ಕಫ ಪರೀಕ್ಷೆಯಲ್ಲಿ ಕ್ಷಯ ಸಿಕ್ಕಿತು. ಪರೀಕ್ಷೆಗೆ ಇಷ್ಟು ದಿನ ಯಾಕೆ ಹೋಗಲಿಲ್ಲ ಅಂತ ನಾವು ಕೇಳಿದಾಗ, “ಮಗಳಿಗೆ ಗಂಡು ನೋಡ್ತಾ ಇದ್ದೇವೆ ಸಿಸ್ಟರ್, ಹೆಸರು ಹೊರಗೆ ಬಂದರೆ?” ಅಂದರು. ಈ ಹೆದರಿಕೆಯನ್ನು ಸುಳ್ಳು ಅಂತ ತಳ್ಳಿಹಾಕಲು ಆಗುವುದಿಲ್ಲ. ಊರಿನ ಬಾಯಿ ನಮಗೂ ಗೊತ್ತು. ಆದರೆ ಆ ಐದು ವಾರ ಮಗಳು ಅಮ್ಮನ ಪಕ್ಕದಲ್ಲೇ ಮಲಗುತ್ತಿದ್ದಳು.

ಎರಡು ವಾರ ಬಿಡದ ಜ್ವರ, ಎಷ್ಟೇ ಸಣ್ಣದಿರಲಿ, ಕೆಮ್ಮು ಇರಲಿ ಇಲ್ಲದಿರಲಿ, ಕ್ಷಯದ ಪರೀಕ್ಷೆ ಆಗಬೇಕು. ತೂಕ ಇಳಿಯುವುದು, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುವುದು, ಕುತ್ತಿಗೆಯಲ್ಲಿ ಗಂಟು ಇದ್ದರಂತೂ ಇನ್ನೂ ಬೇಗ. ಕ್ಷಯವೇ ಆಗಿರಬೇಕೆಂದಿಲ್ಲ, ಮೂತ್ರದ ಸೋಂಕು, ಸಂಧಿವಾತ, ಇನ್ನೇನೋ ಇರಬಹುದು. ಅದನ್ನು ಹೇಳಬೇಕಾದವರು ವೈದ್ಯರು. ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸ್ತಾರೆ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಹಣ ಬ್ಯಾಂಕ್ ಖಾತೆಗೇ ಬರುತ್ತದೆ, ಪಾಸ್‌ಬುಕ್ ನೋಡಿಕೊಳ್ಳಿ.

ಕ್ಷಯ ತಟ್ಟೆ ಲೋಟದಿಂದ ಹರಡುವುದಿಲ್ಲ, ಕೆಮ್ಮಿದ ಗಾಳಿಯಿಂದ ಹರಡುತ್ತದೆ. ಆದ್ದರಿಂದ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಕಿಟಕಿ ತೆರೆದಿಡಿ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಜ್ವರ ಒಂದೆರಡು ತಿಂಗಳೊಳಗೆ ನಿಂತೀತು, ಊಟ ಸೇರೀತು. ಹುಷಾರಾಯ್ತು ಅಂತ ಮಾತ್ರೆ ಬಿಡುವುದು ಆಗಲೇ. ಬಿಟ್ಟರೆ ರೋಗ ಮಾತ್ರೆಗೆ ಬಗ್ಗದಂತಾಗಿ ತಿರುಗಿ ಬರಬಹುದು. ಇನ್ನೊಂದು ಮಾತು, ಮಾತ್ರೆ ಶುರುವಾದ ಮೇಲೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ.