ಮೊದಲು ಮೈಕು, ಕೊನೆಗೆ ಕ್ಯಾಮೆರಾ



ಮನೆಯಲ್ಲೇ ವಿಡಿಯೋ ಮಾಡಲು ಏನೇನು ಬೇಕು ಎಂಬುದು ನನಗೆ ಕೊಟ್ಟ ವಿಷಯ. ಇಲ್ಲಿ ಕೂತವರಲ್ಲಿ ಮಕ್ಕಳಿಗೆ ಕನ್ನಡ ಪಾಠ ಹೇಳುವವರಿದ್ದೀರಿ, ಅಡುಗೆ ತೋರಿಸುವವರಿದ್ದೀರಿ, ಯಕ್ಷಗಾನದ ಹೆಜ್ಜೆ ಕಲಿಸುವವರಿದ್ದೀರಿ. ಬಹಳ ಮಂದಿ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಕ್ಯಾಮೆರಾ ತಗೊಳ್ಳಲಿ?" ಸದ್ಯಕ್ಕೆ ಯಾವುದೂ ಬೇಡ ಎನ್ನುತ್ತೇನೆ. ಜೇಬಿನಲ್ಲಿರುವ ಫೋನು ಸಾಕು. ಮೊದಲು ಮೈಕು ಕೊಳ್ಳಿ, ಆಮೇಲೆ ಬೆಳಕು, ಆಮೇಲೆ ಟ್ರೈಪಾಡು. ಕ್ಯಾಮೆರಾದ ಮಾತು ಕೊನೆಗೆ.

ಚಿತ್ರ ತುಸು ಮಸುಕಾದರೂ ಜನ ನೋಡುತ್ತಾರೆ. ಮಾತು ಸರಿಯಾಗಿ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕನ್ನಡ ಪಾಠದಲ್ಲಂತೂ 'ಹಲ್ಲಿ'ಗೂ 'ಹಳ್ಳಿ'ಗೂ ಇರುವ ವ್ಯತ್ಯಾಸ ಮಗುವಿನ ಕಿವಿಗೆ ಬೀಳದಿದ್ದರೆ ಪಾಠ ನಡೆದೇ ಇಲ್ಲ ಎಂದು ಲೆಕ್ಕ.

ಇಲ್ಲಿ ಗಲ್ಫಿನಲ್ಲಿ ನಮ್ಮ ಮನೆಗಳು ಹೇಗಿವೆ ನೋಡಿ. ನೆಲಕ್ಕೆ ಟೈಲ್ಸು, ಬರೀ ಗೋಡೆ, ತಲೆಯ ಮೇಲೆ ಗುಂಯ್ ಎನ್ನುವ ಎ.ಸಿ. ಫೋನನ್ನು ಎರಡು ಮೀಟರ್ ದೂರ ಇಟ್ಟು ಮಾತಾಡಿದರೆ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎ.ಸಿ. ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ದೂರದಲ್ಲಿಟ್ಟ ದುಬಾರಿ ಮೈಕಿಗಿಂತ ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕೇ ಮೇಲು.

ಕೊಳ್ಳುವಾಗ ಪ್ಲಗ್ಗನ್ನು ನೋಡಿ. ಅದರ ಮೇಲೆ ಮೂರು ಕಪ್ಪು ಗೆರೆಗಳಿದ್ದರೆ ಅದು ಫೋನಿಗೆ ಹೊಂದುವಂಥದ್ದು, ಎರಡೇ ಇದ್ದರೆ ಕ್ಯಾಮೆರಾಗೆ. ಹೊಸ ಫೋನುಗಳಲ್ಲಿ ಆ ತೂತೇ ಇರುವುದಿಲ್ಲ. ಅವಕ್ಕೆ ಟೈಪ್-ಸಿ ಮೈಕು ಬೇಕು, ಇಲ್ಲವೇ ಮೈಕಿಗೂ ಕೆಲಸ ಮಾಡುವ ಅಡಾಪ್ಟರ್ ಬೇಕು. ರೆಕಾರ್ಡಿಂಗ್ ನಡೆಯುವ ಹತ್ತು ನಿಮಿಷ ಎ.ಸಿ. ಆರಿಸಿ. ಎದುರು ಗೋಡೆಗೆ ಒಂದು ದಪ್ಪ ಕಂಬಳಿ ಇಳಿಬಿಡಿ. ಗುಂಗು ಎಷ್ಟು ಕಡಿಮೆಯಾಗುತ್ತದೆ ಎಂದು ನೀವೇ ಕೇಳಿ.

ಇನ್ನು ಬೆಳಕು. ಹಗಲಾದರೆ ಕಿಟಕಿಗೆ ಮುಖ ಮಾಡಿ ಕೂರಿ. ಬೆನ್ನು ಮಾಡಿದರೆ ಮುಖ ಕಪ್ಪಾಗುತ್ತದೆ. ಡ್ಯೂಟಿ ಮುಗಿಸಿ ರಾತ್ರಿ ಮಾಡುವವರಿಗೆ ಒಂದು ಎಲ್‌ಇಡಿ ದೀಪ ಸಾಕು. ಆದರೆ ಕೆಲವು ದೀಪಗಳಡಿ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ. ಅದಕ್ಕೆ ಕಾರಣ ಕರೆಂಟು. ಎಮಿರೇಟ್ಸ್, ಒಮಾನ್, ಕುವೈತ್‌ಗಳಲ್ಲೂ ನಮ್ಮೂರಿನಲ್ಲೂ ವಿದ್ಯುತ್ತು 50 ಹರ್ಟ್ಜ್. ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು 30 ಫ್ರೇಮಿನಲ್ಲಿದ್ದರೆ ಎರಡಕ್ಕೂ ತಾಳ ಕೂಡುವುದಿಲ್ಲ. 25 ಫ್ರೇಮಿಗೆ ಬದಲಿಸಿ, ಶಟರನ್ನು 1/50 ಅಥವಾ 1/100ಕ್ಕೆ ಇಡಿ. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ಗೆ ಹೋಗಿ 'ಪಾಲ್' ಫಾರ್ಮ್ಯಾಟ್ ಆನ್ ಮಾಡಿದರೆ 25 ಸಿಗುತ್ತದೆ. ಸೌದಿಯಲ್ಲೂ ಅಮೆರಿಕದಲ್ಲೂ 60 ಹರ್ಟ್ಜ್ ಇರುವುದರಿಂದ ಅಲ್ಲಿ 30 ಫ್ರೇಮೇ ಸರಿ.

4ಕೆ ಆಸೆಯನ್ನು ಸ್ವಲ್ಪ ತಡೆಯಿರಿ. 30 ಫ್ರೇಮಿನಲ್ಲಿ ಐಫೋನಿನ ಒಂದು ನಿಮಿಷದ 4ಕೆ ವಿಡಿಯೋ ಸುಮಾರು 170 ಎಂಬಿ, 1080ಪಿ ಆದರೆ ಸುಮಾರು 60 ಎಂಬಿ. ಮೊಬೈಲಿನಲ್ಲಿ ನೋಡುವ ಪಾಠಕ್ಕೆ, ಅಡುಗೆಗೆ 1080ಪಿ ಧಾರಾಳವಾಯಿತು.

ಸಾಫ್ಟ್‌ವೇರಿಗೆ ದುಡ್ಡು ಕೊಡುವ ಅಗತ್ಯ ಸದ್ಯಕ್ಕಿಲ್ಲ. ಕಂಪ್ಯೂಟರಿನಲ್ಲಿ 16 ಜಿಬಿ ಮೆಮೊರಿಯೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಇದ್ದರೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಹಾಕಿಕೊಳ್ಳಿ. ಹಳೆಯ ಲ್ಯಾಪ್‌ಟಾಪಾದರೆ ಶಾಟ್‌ಕಟ್. ಪರದೆಯನ್ನೂ ಮುಖವನ್ನೂ ಒಟ್ಟಿಗೆ ತೋರಿಸಿ ಪಾಠ ಮಾಡಲು ಓಬಿಎಸ್ ಸ್ಟುಡಿಯೋ. ಸದ್ದು ತೊಳೆಯಲು ಆಡಾಸಿಟಿ. ಇದಕ್ಕಾಗಿ ರೆಕಾರ್ಡಿಂಗ್ ಶುರುವಾದ ಮೇಲೆ ಐದು ಸೆಕೆಂಡು ಸುಮ್ಮನಿರಿ; ಕೋಣೆಯ ಸದ್ದಿನ ಆ ಮಾದರಿಯನ್ನು ಕೊಟ್ಟರೆ ಆಡಾಸಿಟಿ ಉಳಿದ ಕಡೆಯೂ ಅದನ್ನು ತಗ್ಗಿಸುತ್ತದೆ. ಫೋನಿನ ವಿಡಿಯೋದಲ್ಲಿ ಫ್ರೇಮಿನ ವೇಗ ಒಂದೇ ಸಮ ಇರುವುದಿಲ್ಲ. ಎಡಿಟ್ ಮಾಡುವಾಗ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಿದರೆ ಫೈಲನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ಫ್ರೇಮಿಗೆ ಬದಲಿಸಿಕೊಳ್ಳಿ.

ಕನ್ನಡಿಗರಿಗೆ ಇನ್ನೂ ಒಂದು ಪರೀಕ್ಷೆ ಇದೆ. ಯಾವ ಸಾಫ್ಟ್‌ವೇರೇ ಇರಲಿ, ದುಡ್ಡು ಕಟ್ಟುವ ಮೊದಲು ಅದರಲ್ಲಿ 'ಸ್ವಾತಂತ್ರ್ಯ', 'ಜ್ಞಾನ', 'ಧರ್ಮ' ಎಂದು ಟೈಪ್ ಮಾಡಿ. ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದರೆ ಹುಷಾರಾಗಿ. ಪ್ರೀಮಿಯರ್ ಪ್ರೋದಂಥವುಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಇದೆ. ಫಾಂಟು ಯುನಿಕೋಡಿನದ್ದೇ ಇರಲಿ. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಆಗಲೂ ಒಡೆದರೆ ಶೀರ್ಷಿಕೆಯನ್ನು ಬೇರೆಡೆ ಬರೆದು ಚಿತ್ರವಾಗಿ ಉಳಿಸಿ, ವಿಡಿಯೋದ ಮೇಲೆ ಕೂರಿಸಿ. ತಪ್ಪು ಒತ್ತಕ್ಷರ ನೋಡಿ ಕಲಿತ ಮಗು ಅದನ್ನೇ ಬರೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ಚಾನೆಲ್ ನಡೆಸುವವರಿಗೆ ಮಾತ್ರ ಅಲ್ಲ. ನಮಗೆಲ್ಲ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ರಜೆ. ಊರಿನಲ್ಲಿ ಅಪ್ಪ ಅಮ್ಮನ ಫೋಟೋ ಬೇಕಾದಷ್ಟು ತೆಗೆಯುತ್ತೇವೆ. ಅವರು ಆಡುವ ಮಾತು, ಕುಂದಾಪುರದ ಆ ಎಳೆತ, ಧಾರವಾಡದ ಆ ಠೇಂಕಾರ, ನಮ್ಮ ಮಕ್ಕಳ ಬಾಯಲ್ಲಿ ಉಳಿಯುತ್ತದೆ ಎಂಬ ಭರವಸೆ ನಮಗ್ಯಾರಿಗೂ ಇಲ್ಲ. ಒಳ್ಳೆಯ ಕ್ಯಾಮೆರಾ ಬರಲಿ, ಆಮೇಲೆ ನೋಡೋಣ ಎಂದರೆ ಹಿರಿಯರ ವಯಸ್ಸು ಕಾಯುವುದಿಲ್ಲ.

ಅವರ ಒಪ್ಪಿಗೆ ಕೇಳಿ. ಫ್ಯಾನು, ಟಿವಿ ಆರಿಸಿ. ಅಮ್ಮನ ಸೆರಗಿಗೆ ಮೈಕು ಸಿಕ್ಕಿಸಿ, ಮದುವೆಯಾಗಿ ಬಂದ ದಿನ ಮನೆ ಹೇಗಿತ್ತು ಎಂದು ಕೇಳಿ, ಸುಮ್ಮನೆ ಕೂರಿ. ದಿನಕ್ಕೆ ಹತ್ತು ನಿಮಿಷವಾದರೂ ಸಾಕು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ನಂಬಬೇಡಿ, ಅದು ಹಿಂಡಿ ಸಣ್ಣದಾದದ್ದು. ಮೂಲ ಫೈಲನ್ನು ಎರಡು ಕಡೆ ಇಡಿ: ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇಲ್ಲವೇ ಕ್ಲೌಡಿನಲ್ಲಿ.

ಮುಂದಿನ ರಜೆಗೆ ಸೂಟ್‌ಕೇಸ್ ತುಂಬುವಾಗ ಚಾಕಲೇಟು, ಖರ್ಜೂರದ ಡಬ್ಬಗಳ ನಡುವೆ ಒಂದು ಕಾಲರ್ ಮೈಕಿಗೂ ಜಾಗ ಮಾಡಿ.