ಮಕ್ಕಳೂ ಪತ್ರೆಯ ಗಿಡವೂ
(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆಯಾಯಿತು. ವಿದ್ಯಾಭ್ಯಾಸವೆಂದೊಡನೆ ಪುಸ್ತಕ, ಪರೀಕ್ಷೆ, ಅಂಕ ಇವುಗಳನ್ನು ಕುರಿತು ಹೇಳುವವರು ಅನೇಕರಿದ್ದಾರೆ. ನಾನು ಪುಸ್ತಕದ ಹೊರಗಿನ ವಿಷಯವೊಂದನ್ನು ಹಿಡಿದಿದ್ದೇನೆ. ಶಾಲೆಯು ನಡೆಯುತ್ತಿರುವ ತಿಂಗಳುಗಳಲ್ಲಿ, ಎಂದರೆ ಜೂನ್ ಮೊದಲ್ಗೊಂಡು ಏಪ್ರಿಲಿನ ಆರಂಭದವರೆಗೆ, ನಮ್ಮ ಮಕ್ಕಳು ಗಿಡ ಮರ ಕೆರೆ ಹೊಲಗಳ ನಡುವೆ ಎಷ್ಟು ಹೊತ್ತು ಇರುತ್ತಾರೆ ಎಂಬುದೇ ಆ ವಿಷಯವು.

ಮೊದಲು ನನ್ನ ಅವಿದ್ಯೆಯನ್ನು ಒಪ್ಪಿಕೊಂಡುಬಿಡುತ್ತೇನೆ. ಹನ್ನೆರಡನೆಯ ವಯಸ್ಸಿಗೆ ನಾನು ಅಮರಕೋಶದ ಎರಡನೆಯ ಕಾಂಡದ ವನೌಷಧಿವರ್ಗವನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದೆನು. ಬಿಲ್ವಕ್ಕೆ ಮಾಲೂರವೆಂದೂ ಶ್ರೀಫಲವೆಂದೂ ಹೆಸರುಂಟೆಂಬುದು ನನಗೆ ಕಂಠಪಾಠವಾಗಿತ್ತು. ಒಂದು ಸೋಮವಾರ ಪತ್ರೆಯನ್ನು ತರುತ್ತಿದ್ದಾತನಿಗೆ ಜ್ವರ ಬಂದಿದ್ದುದರಿಂದ ಗುರುಗಳು ನನ್ನನ್ನು ಕಳುಹಿಸಿದರು. ಮೂರು ಎಲೆ ಕೂಡಿದ್ದರೆ ಅದೇ ಬಿಲ್ವವೆಂದು ನಂಬಿ, ಬೇಲಿಯಲ್ಲಿದ್ದ ಹಾಲವಾಣದ ಎಲೆಯನ್ನು ಬುಟ್ಟಿಯ ತುಂಬ ಕಿತ್ತು ತಂದೆನು. ಬಾಗಿಲ ಬಳಿ ದನ ಕಾಯುತ್ತಿದ್ದ ಹುಡುಗನೊಬ್ಬನು ಬುಟ್ಟಿಯನ್ನು ನೋಡಿ, “ಇದು ಪತ್ರೆಯಲ್ಲ ಬುದ್ಧಿ, ಹಾಲವಾಣ” ಎಂದನು. ಅಕ್ಷರವನ್ನರಿಯದ ಆ ಹುಡುಗನೇ ನನ್ನನ್ನು ಕೆರೆಯ ಏರಿಯ ಕೆಳಗಿನ ಬಿಲ್ವದ ಮರದ ಬಳಿಗೆ ಕರೆದುಕೊಂಡು ಹೋಗಿ, ಅದರ ಮುಳ್ಳನ್ನು ತೋರಿಸಿ, ಒಂದೆಲೆಯನ್ನು ಹಿಸುಕಿ ನನ್ನ ಮೂಗಿಗೆ ಹಿಡಿದನು. ಆ ಪರಿಮಳವು ಅಮರಸಿಂಹನ ಕೋಶದಲ್ಲಿ ಇರಲಿಲ್ಲ.

ಇಷ್ಟು ಪಾಠವಾದ ಮೇಲಾದರೂ ನನಗೆ ಬುದ್ಧಿ ಬರಬೇಕಾಗಿತ್ತು, ಬರಲಿಲ್ಲ. ನಾನೇ ಉಪಾಧ್ಯಾಯನಾದ ಹೊಸದರಲ್ಲಿ ಒಬ್ಬ ವಿದ್ಯಾರ್ಥಿಯು ಒಂದು ಗಳಿಗೆ ತಡವಾಗಿ ಬಂದನು. ಬಾವಿಯ ಮೇಲೆ ಬಾಗಿದ್ದ ಈಚಲ ಮರದಲ್ಲಿ ಗೀಜಗನ ಗೂಡುಗಳನ್ನು ನೋಡುತ್ತ ನಿಂತಿದ್ದೆನೆಂದು ನಿಜವನ್ನೇ ಹೇಳಿದನು. ನಾನು ಅವನನ್ನು ಮಧ್ಯಾಹ್ನದವರೆಗೆ ನಿಲ್ಲಿಸಿದೆನು. ಗಂಡು ಗೀಜಗವು ಗೂಡನ್ನು ಅರ್ಧ ಹೆಣೆದು ನಿಲ್ಲಿಸುವುದೆಂದೂ, ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆಯೇ ಅದನ್ನು ಪೂರ್ತಿಮಾಡುವುದೆಂದೂ ಬಹುಕಾಲದ ಮೇಲೆ ನಾನು ಪುಸ್ತಕದಲ್ಲಿ ಓದಿ ತಿಳಿದೆನು. ಕೇಳಿದ್ದರೆ ಆ ಹುಡುಗನು ಅಂದೇ ಹೇಳುತ್ತಿದ್ದನೋ ಏನೋ! ನಾನು ಕೇಳಲಿಲ್ಲ. ಅವನೂ ಮತ್ತೆಂದೂ ತಡವಾಗಿ ಬರಲಿಲ್ಲ. ಅದನ್ನು ಆಗ ನಾನು ನನ್ನ ಶಿಸ್ತಿನ ಜಯವೆಂದು ತಿಳಿದಿದ್ದೆನು.

ಹಿಂದಿನವರು ಮಕ್ಕಳನ್ನು ಪ್ರಕೃತಿಯ ನಡುವೆ ಇರಿಸಬೇಕೆಂದು ಸಭೆ ಸೇರಿಸಿದವರಲ್ಲ. ಅದರ ಅಗತ್ಯವೇ ಅವರಿಗೆ ಇರಲಿಲ್ಲ. ಬೆಳಗ್ಗೆ ಹಿರಿಯರು ಲಿಂಗಪೂಜೆಗೆ ಕುಳಿತುಕೊಳ್ಳುವ ಮೊದಲು ಮನೆಯ ಮಕ್ಕಳು ಪತ್ರೆ ಪುಷ್ಪಗಳನ್ನು ತರಬೇಕಾಗಿತ್ತು. ತುಂಬೆಯು ಮಳೆಗಾಲದಲ್ಲಿ ಯಾವ ಹೊಲದ ಬದುವಿನಲ್ಲಿ ಬಿಡುವುದು, ಎಕ್ಕದ ಹಾಲು ಕಣ್ಣಿಗೆ ತಗಲಬಾರದು, ಬಿಲ್ವದ ಯಾವ ಕೊಂಬೆಯಲ್ಲಿ ಇರುವೆಯುಂಟು ಎಂಬುದೆಲ್ಲ ಅವರಿಗೆ ಈ ಒಂದು ಕೆಲಸದಿಂದಲೇ ತಿಳಿಯುತ್ತಿತ್ತು. ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ತಾಳಬೆಟ್ಟದ ದಾರಿ ಹಿಡಿದು ಹಿರಿಯರೊಡನೆ ಮಕ್ಕಳೂ ನಡೆಯುತ್ತಿದ್ದರು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಕಥೆಯನ್ನು ದೇವರಗುಡ್ಡರ ಬಾಯಿಂದ ಕೇಳುತ್ತ, ಆ ಹುಲಿಯ ಕಾಡನ್ನೇ ತುಳಿದು ಹೋಗುವ ಮಗುವಿಗೆ ಕಥೆಯೂ ಕಾಡೂ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಈಗಲೂ ನಡೆದು ಹೋಗುವವರು ಸಾವಿರಾರು ಮಂದಿ ಇದ್ದಾರೆ. ಆದರೆ ಪರೀಕ್ಷೆಯ ಭಯದಿಂದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುವವರೇ ಹೆಚ್ಚು.

ಪತ್ರೆಯ ರಾಶಿಗೆ ಶಿವನು ಒಲಿಯನೆಂದು ಶರಣರು ಎಚ್ಚರಿಸಿದುದನ್ನು ನಾನು ಮರೆತಿಲ್ಲ. ಯಾರಾದರೂ ಎದ್ದುನಿಂತು ಕೇಳುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ರಾಶಿಯ ಮಾತಲ್ಲ, ಅದನ್ನು ತರಲು ನಡೆದ ದಾರಿಯ ಮಾತು. ಈಗ ಪತ್ರೆಯು ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಮಗುವು ಮನೆಯ ಬಾಗಿಲಿನಿಂದ ವ್ಯಾನನ್ನು ಹತ್ತಿ, ಶಾಲೆಯ ಬಾಗಿಲಿನಲ್ಲಿ ಇಳಿದು, ಸಂಜೆ ಟ್ಯೂಷನ್ನಿಗೆ ಹೋಗಿ, ರಾತ್ರಿ ಮೊಬೈಲನ್ನು ಹಿಡಿದು ಕುಳಿತುಕೊಳ್ಳುತ್ತದೆ.

ಸರ್ಕಾರದವರು ಏನನ್ನೂ ಮಾಡಿಲ್ಲವೆಂದು ನಾನು ದೂರುವುದಿಲ್ಲ. ಪರಿಸರದ ಪಾಠವು ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು ೧೯೯೧ರಲ್ಲಿಯೇ ಆಜ್ಞೆಮಾಡಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿದೆ. ಅರಣ್ಯ ಇಲಾಖೆಯವರು ಚಿಣ್ಣರ ವನದರ್ಶನವೆಂಬ ಹೆಸರಿನಿಂದ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪರಿಸರವು ಪುಸ್ತಕವಾದೊಡನೆ ಅದಕ್ಕೂ ಪ್ರಶ್ನೋತ್ತರಗಳು ಹುಟ್ಟಿ, ನನ್ನ ಅಮರಕೋಶದ ಗತಿಯೇ ಅದಕ್ಕೂ ಬಂದಿತು. ವರುಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಕಾಡನ್ನು ನೋಡಿದ ಮಗುವು ಜಾತ್ರೆಗೆ ಹೋಗಿ ಬಂದಂತೆ ಬರುವುದು. ಮರವು ಚಿಗುರಿದುದನ್ನೂ ಹೂಬಿಟ್ಟುದನ್ನೂ ಎಲೆಯುದುರಿಸಿದುದನ್ನೂ ಕಾಣಬೇಕಾದರೆ ಅದೇ ಮರದ ಬಳಿಗೆ ಮತ್ತೆ ಮತ್ತೆ ಹೋಗಬೇಕು.

ಇದು ಕೇವಲ ಮನಸ್ಸಿನ ಸಂತೋಷಕ್ಕೆ ಸಂಬಂಧಿಸಿದ ಮಾತಲ್ಲ. ಚೀನಾದೇಶದ ಗುವಾಂಗ್‌ಝೌ ನಗರದ ೧೨ ಶಾಲೆಗಳಲ್ಲಿ ವೈದ್ಯರು ಒಂದು ಪರೀಕ್ಷೆಯನ್ನು ನಡೆಸಿ ೨೦೧೫ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ ೪೦ ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಇರಿಸಿದರು. ಮೂರು ವರುಷಗಳ ಮೇಲೆ ನೋಡಲಾಗಿ, ಎಂದಿನಂತೆ ಒಳಗೇ ಇದ್ದ ಶಾಲೆಗಳಲ್ಲಿ ನೂರಕ್ಕೆ ೩೯.೫ ಮಕ್ಕಳಿಗೆ ದೂರದ ವಸ್ತು ಕಾಣದ ಸಮೀಪದೃಷ್ಟಿದೋಷವು ಹೊಸದಾಗಿ ಬಂದಿದ್ದರೆ, ಹೊರಗೆ ಇದ್ದವರಲ್ಲಿ ಅದು ನೂರಕ್ಕೆ ೩೦.೪ರಷ್ಟೇ ಇತ್ತು. ಬಯಲಿನ ಬೆಳಕಿಗೆ ಇಷ್ಟು ಗುಣವುಂಟು; ಅದಕ್ಕೆ ಶುಲ್ಕವಿಲ್ಲ.

ತಾಯಂದಿರಲ್ಲಿ ಒಂದು ಭಯವುಂಟು, ಅದನ್ನು ನಾನು ಹಗುರವಾಗಿ ಎಣಿಸಲಾರೆನು. ೧೯೯೭ರಲ್ಲಿ ಮೈಸೂರಿನಿಂದ ಬೇರೆಯಾದ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಸುಮಾರು ಅರ್ಧ ಭೂಮಿಯು ಅರಣ್ಯವು. ೧೯೭೩ರಲ್ಲಿ ಹುಲಿಯೋಜನೆಗೆ ಸೇರಿದ ಬಂಡೀಪುರವು ಗುಂಡ್ಲುಪೇಟೆಯ ಹೊಲಗಳಿಗೆ ಅಂಟಿಕೊಂಡೇ ಇದೆ. ಬಿಳಿಗಿರಿರಂಗನ ಬೆಟ್ಟವೂ ೨೦೧೧ರಿಂದ ಹುಲಿಧಾಮವಾಗಿದೆ. ೨೦೧೯ರಲ್ಲಿ ಬಂಡೀಪುರದ ಅಂಚಿನಲ್ಲಿ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಅಕ್ಟೋಬರಿನಲ್ಲಿ ಹಿಡಿಯಬೇಕಾಯಿತು. ಇಂತಹ ಸೀಮೆಯಲ್ಲಿ ಕೂಸನ್ನು ಹೊರಗೆ ಕಳುಹಿಸಿರೆಂದರೆ ಯಾವ ತಾಯಿ ಒಪ್ಪುವಳು? ಕಾಡಿಗೆ ಕಳುಹಿಸಬೇಡಿರೆಂದು ನಾನೂ ಹೇಳುತ್ತೇನೆ. ಕಾಡಂಚಿನ ಊರುಗಳಲ್ಲಿ ಬೆಳಕು ಹರಿಯುವ ಮುನ್ನವೂ ಸಂಜೆಗತ್ತಲಿನಲ್ಲಿಯೂ ಮಕ್ಕಳು ಹೊರಡಬಾರದು. ಹಗಲಿನಲ್ಲಾದರೂ ದೊಡ್ಡವರಿಲ್ಲದೆ ಹೋಗಬಾರದು. ಆದರೆ ಪ್ರಕೃತಿಯೆಂದರೆ ಹುಲಿ ಆನೆಗಳೇ ಎಂದು ತಿಳಿದುಕೊಂಡು, ಅವುಗಳ ಭಯದಿಂದ ಅಂಗಳದ ಹೊಂಗೆಯನ್ನೂ ಬಿಟ್ಟುಬಿಟ್ಟೆವಲ್ಲ, ಅದು ನನಗೆ ವ್ಯಸನವಾಗಿದೆ.

ನಮ್ಮ ಬಯಲುಸೀಮೆಯಲ್ಲಿ ನೋಡುವುದಕ್ಕೆ ಏನು ಕೊರತೆ? ಶಾಲೆ ತೆರೆಯುವ ಹೊತ್ತಿಗೆ ಗುಂಡ್ಲುಪೇಟೆಯ ಹೊಲಗಳಲ್ಲಿ ಸೂರ್ಯಕಾಂತಿ ಎದ್ದು, ಕೆಲವು ವಾರಗಳಲ್ಲಿ ಹೂವಿನ ಮೇಲೆ ಜೇನು ಕೂರುತ್ತದೆ. ದೂರದೂರಿನವರು ಕಾರು ನಿಲ್ಲಿಸಿ ಆ ಹೂವಿನ ಮುಂದೆ ಚಿತ್ರ ತೆಗೆಸಿಕೊಳ್ಳುವರು. ಆ ಹೊಲದ ಒಡೆಯನ ಮಗುವಿಗೆ ಮಾತ್ರ ಅದನ್ನು ನೋಡಲು ಬಿಡುವಿಲ್ಲ! ಶ್ರಾವಣಕ್ಕೆ ತುಂಬೆ, ನವರಾತ್ರಿಗೆ ಬನ್ನಿ. ಹಿಂಗಾರಿನ ಮಳೆಗೆ ಕೆರೆಗೆ ನೀರು ಬಂದರೆ ಬೆಳ್ಳಕ್ಕಿ, ನೀರುಕಾಗೆ. ಚಳಿಗಾಲದಲ್ಲಿ ನೆರೆಯ ನಂಜನಗೂಡು ಸೀಮೆಯ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದು ಇಳಿಯುವುವು. ಭೂಗೋಳದ ಪಾಠದಲ್ಲಿ ಟಿಬೆಟ್ಟನ್ನು ಹೇಳುವ ಉಪಾಧ್ಯಾಯರು ಆ ಹಕ್ಕಿಯನ್ನು ತೋರಿಸಿ ಹೇಳಿದರೆ ಮಗುವು ಮರೆಯುವುದುಂಟೆ? ಮಾಘ ಫಾಲ್ಗುಣಗಳಲ್ಲಿ ಮುತ್ತುಗವು ಎಲೆಯಿಲ್ಲದೆ ಕೆಂಪಗೆ ಹೂಬಿಡುವುದು. ಪರೀಕ್ಷೆ ಮುಗಿಯುವ ವೇಳೆಗೆ ಹೊಂಗೆ ಹೊಸ ಎಲೆ ತಳೆದು ನೆರಳಾಗಿರುವುದು.

ಇದನ್ನು ಕಲಿಸುವವರು ಯಾರೆಂದು ಕೇಳುವಿರಿ. ನನ್ನಂತಹ ಪಂಡಿತರಿಂದ ಆಗದು. ಕುರಿ ಕಾಯುವ ಹಿರಿಯರಿದ್ದಾರೆ, ಹೊಲದ ಬೇಸಾಯಗಾರರಿದ್ದಾರೆ, ನಮ್ಮ ಬೆಟ್ಟಗಳ ಸೋಲಿಗರಿದ್ದಾರೆ. ಬಿಳಿಗಿರಿರಂಗನನ್ನು ತಮ್ಮ ಮನೆಯ ಅಳಿಯನೆಂದೂ ಭಾವನೆಂದೂ ಹಾಡುವ ಈ ಜನರು ದೊಡ್ಡಸಂಪಿಗೆಯ ಮರವನ್ನು ದೈವವೆಂದು ಪೂಜಿಸುವರು. ತರಗೆಲೆಗೆ ಸಣ್ಣ ಬೆಂಕಿಯಿಟ್ಟು ದೊಡ್ಡ ಕಿಚ್ಚನ್ನು ತಡೆಯುವ ರೀತಿಯನ್ನು ಬಲ್ಲವರು. ಹುಲಿಧಾಮದೊಳಗಿನ ಕಾಡಿನ ಮೇಲೆ ಅವರಿಗಿರುವ ಹಕ್ಕನ್ನು ೨೦೧೧ರಲ್ಲಿ ಸರ್ಕಾರವೇ ಮನ್ನಿಸಿತು. ಇಂತಹವರನ್ನು ಶಾಲೆಗೆ ಕರೆಯಿಸಿ, ಪೀಠವಿಟ್ಟು ಕುಳ್ಳಿರಿಸಿ, ಉಪಾಧ್ಯಾಯರಿಗೆ ಮಾಡುವ ಮರ್ಯಾದೆಯನ್ನೇ ಮಾಡಬೇಕು. ಕಾಯಕದಲ್ಲಿ ಮೇಲುಕೀಳನ್ನು ಎಣಿಸದ ಪರಂಪರೆಯವರಾದ ನಮಗೆ ಇದು ಕಷ್ಟವಾಗಬಾರದು.

ಈಗ ಮೂರು ವರುಷಗಳಿಂದ ನಮ್ಮ ಪಾಠಶಾಲೆಯಲ್ಲಿ ಶನಿವಾರದ ಮೊದಲನೆಯ ಪಾಠವನ್ನು ಬಿಟ್ಟಿದ್ದೇವೆ. ಒಬ್ಬೊಬ್ಬ ವಿದ್ಯಾರ್ಥಿಗೂ ಮಠದ ಸುತ್ತಿನ ಒಂದೊಂದು ಮರವನ್ನು ವಹಿಸಲಾಗಿದೆ. ಅವನು ಆ ವೇಳೆಯಲ್ಲಿ ಅದರ ಬಳಿಗೆ ಹೋಗಿ, ಕಂಡುದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಕಾಣದುದನ್ನು ಬರೆಯಕೂಡದು. ಸೋಮವಾರಕ್ಕೆ ಬೇಕಾದ ಪತ್ರೆಯನ್ನು ಮಕ್ಕಳೇ ಸರದಿಯ ಮೇಲೆ ತರುವರು. ಅಂಕವಿಲ್ಲ, ಪರೀಕ್ಷೆಯಿಲ್ಲ. ಇದರಿಂದ ವ್ಯಾಕರಣದ ಪಾಠವು ಹಿಂದೆ ಬೀಳುವುದೆಂದು ಮೊದಲ ವರುಷ ನಾನೇ ಅಂಜಿದ್ದೆನು, ಬೀಳಲಿಲ್ಲ. ಹೋದ ಆಷಾಢದಲ್ಲಿ ಹತ್ತು ವರುಷದ ವಟುವೊಬ್ಬನು ಬೇವಿನ ಮರದಡಿಯಿಂದ ಓಡಿಬಂದು, ಮರದಲ್ಲಿ ಎರಡು ಬಗೆಯ ಇರುವೆಗಳಿವೆಯೆಂದೂ, ಅವು ಒಂದರ ದಾರಿಗೆ ಇನ್ನೊಂದು ಬರುವುದಿಲ್ಲವೆಂದೂ, ಹಾಗೇಕೆಂದೂ ಕೇಳಿದನು. ನನಗೆ ತಿಳಿಯದೆಂದು ಹೇಳಿ, ಅವನೊಡನೆ ಹೋಗಿ ಮರದಡಿಯಲ್ಲಿ ಕುಳಿತೆನು. ಅಂದು ಎರಡನೆಯ ಪಾಠಕ್ಕೂ ನಾವಿಬ್ಬರೂ ತಡವಾಗಿಯೇ ಹೋದೆವು.